ಪೋಸ್ಟರಿನಲ್ಲಿ ಕಪ್ಪೆಯ ಮುಖ

ಚೆಂಡು ಕಪ್ಪೆಯ ಕಿವಿಯನ್ನು ಸವರಿಕೊಂಡು ಹೋಗಿ ಬಲೆಗೆ ಬಡಿಯಿತು.

"ಏಯ್, ಪ್ರಾಕ್ಟೀಸ್ ಇದು! ಹೀಗಾ ಒದೆಯೋದು?" ಎಂದು ಕಪ್ಪೆ ಕಿರುಚಿದಳು.

ಕುದುರೆ ಇನ್ನೊಂದು ಚೆಂಡು ತಂದಿಟ್ಟು ಇನ್ನೂ ಜೋರಾಗಿ ಒದ್ದಳು.

ಗೋಲಿನಲ್ಲಿ ಹಾರಿ ಹಾರಿ ಚೆಂಡು ಹಿಡಿಯುವ ಇವಳು ಕಪ್ಪೆ. ನಿಂತಲ್ಲಿ ನಿಲ್ಲದೆ ಓಡುವ ಅವಳು ಕುದುರೆ. ಒಂದನೇ ಕ್ಲಾಸಿನಲ್ಲಿ ಒಬ್ಬರಿಗೊಬ್ಬರು ಇಟ್ಟುಕೊಂಡ ಹೆಸರುಗಳು ಅವು. ಅವತ್ತಿನಿಂದ ಇಬ್ಬರದೂ ಉಗುರು-ಬೆರಳಿನಂತೆ ಬಿಡದ ಸ್ನೇಹ. ಈಗ ಕುದುರೆ ಫುಟ್‌ಬಾಲ್ ಟೀಮಿನ ಕ್ಯಾಪ್ಟನ್.

"ಏನಾಗಿದೆ ನಿಂಗೆ?" ಕಪ್ಪೆ ಕೇಳಿದಳು.

"ನಂಗೇನೂ ಆಗಿಲ್ಲ. ಹೋಗು, ಪೋಸ್ಟರ್ ನೋಡ್ಕೊಂಡ್ ನಿಂತ್ಕೋ. ದೊಡ್ಡ ಸ್ಟಾರ್ ಆಗಿದೀಯಲ್ಲ!"

ಓ, ಪೋಸ್ಟರ್! ಬೆಳಗ್ಗೆಯಿಂದ ಕಪ್ಪೆಯ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಶಾಲೆಯ ದಾರಿಯ ಗೋಡೆಗಳ ತುಂಬ ಅದೇ ಪೋಸ್ಟರ್. ಹೋದ ಭಾನುವಾರ ಕಪ್ಪೆಯ ಚರ್ಚಿನಲ್ಲಿ ತೆಗೆದ ಫೋಟೋ ಅದು. ನಡುವೆ ಟಿವಿಯ ಸೀರಿಯಲ್ ಹೀರೋ ಮೊಣಕಾಲೂರಿ ಕುಳಿತಿದ್ದಾನೆ. ಈ ಸಲ ಅವನು ವಾರ್ಡಿನ ಎಲೆಕ್ಷನ್ನಿಗೆ ನಿಂತಿದ್ದಾನೆ. ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿರುವವರು ಕಪ್ಪೆಯ ಅಪ್ಪ. ವಾರವಿಡೀ ಮನೆಗಳಿಗೆ ಬಣ್ಣ ಹೊಡೆಯುವ ಅಪ್ಪ, ಭಾನುವಾರ ಟೈರ್ ಅಂಗಡಿಯ ಮಹಡಿಯಲ್ಲಿ ಸೇರುವ ಚಿಕ್ಕ ಚರ್ಚಿನ ಪಾಸ್ಟರ್. ಅಪ್ಪನ ಭುಜದ ಹಿಂದೆ ಹಾಡಿಗೆ ಬಾರಿಸುವ ಟ್ಯಾಂಬರಿನ್ ಎತ್ತಿ ಹಿಡಿದು, ಬಾಯಿ ತುಂಬ ಹಲ್ಲು ಬಿಟ್ಟುಕೊಂಡು ನಿಂತವಳು ಕಪ್ಪೆ!

ಕೆಳಗೆ ಕೆಂಪು ಅಕ್ಷರದಲ್ಲಿ ಬರೆದಿತ್ತು: "ದೇವರು ನಮ್ಮ ಕಡೆ, ಗೆಲುವು ನಮ್ಮದೇ!"

ಮೂರನೇ ಕ್ಲಾಸಿನ ಪುಟಾಣಿಗಳು ಬಂದು ಆಟೋಗ್ರಾಫ್ ಕೂಡ ಕೇಳಿದ್ದವು. ಆ ಖುಷಿಯಲ್ಲಿ ಕಪ್ಪೆ ಒಂದು ವಿಷಯ ಮರೆತೇಬಿಟ್ಟಿದ್ದಳು. ಹೀರೋನ ಎದುರು ಎಲೆಕ್ಷನ್ನಿಗೆ ನಿಂತವರು ಕುದುರೆಯ ಅಮ್ಮ, ಟೈಲರ್ ಆಂಟಿ.

"ನಮ್ಮಮ್ಮ ಸೋಲ್ಲಿ ಅಂತ ನಿಮ್ಮ ಚರ್ಚಲ್ಲಿ ಎಲ್ಲರೂ ಸೇರಿ ಪ್ರಾರ್ಥನೆ ಮಾಡಿದ್ರಂತೆ," ಎಂದಳು ಕುದುರೆ.

"ಸುಳ್ಳು! ಯಾರೇ ಮುಂದೆ ಬಂದು ಮೊಣಕಾಲೂರಿದ್ರೂ ಅಪ್ಪ ಕೈಯಿಟ್ಟು ಪ್ರಾರ್ಥನೆ ಮಾಡ್ತಾರೆ. ನಮ್ಮ ಚರ್ಚಲ್ಲಿ ಹಾಗೇನೇ."

"ಹೌದಾ? 'ಗೆಲುವು ನಮ್ಮದೇ' ಅಂತಿದೆಯಲ್ಲ. ಅದನ್ನ ಹೇಳಿದ್ದು ದೇವರಾ, ನಿಮ್ಮಪ್ಪನಾ?"

ಕಪ್ಪೆ ಬಗ್ಗಿ ಬೂಟಿನ ಲೇಸು ಬಿಗಿದಳು.

"ಶನಿವಾರ ಫೈನಲ್. ಗೋಲಿಗೆ ಬೇರೆಯವರನ್ನ ಹಾಕಿ ಅಂತ ಪಿ.ಟಿ. ಮೇಡಂಗೆ ಹೇಳ್ತೀನಿ," ಎಂದು ಕುದುರೆ ಚೆಂಡು ಎತ್ತಿಕೊಂಡು ಹೊರಟೇಹೋದಳು.

ಸಂಜೆ ಅಪ್ಪ ಹಿತ್ತಿಲಲ್ಲಿ ಬ್ರಷ್ ತೊಳೆಯುತ್ತಿದ್ದರು. ಕಪ್ಪೆ ಅಳುತ್ತಾ ಎಲ್ಲವನ್ನೂ ಹೇಳಿದಳು. ಅಪ್ಪ ಪೋಸ್ಟರನ್ನು ನೋಡಿಯೇ ಇರಲಿಲ್ಲ. ಕೈ ಒರೆಸಿಕೊಳ್ಳುತ್ತಾ ಅವಳ ಜೊತೆ ರಸ್ತೆಗೆ ಬಂದರು. ಕೆಂಪು ಅಕ್ಷರಗಳನ್ನು ಎರಡೆರಡು ಸಲ ಓದಿದರು.

"ನನ್ನ ಒಂದು ಮಾತು ಕೇಳಲಿಲ್ಲವಲ್ಲ ಇವರು," ಎಂದರು ಮೆಲ್ಲಗೆ.

"ಅಪ್ಪ, ಅವರು ಗೆಲ್ಲಲಿ ಅಂತ ಪ್ರಾರ್ಥನೆ ಮಾಡಿದ್ಯಾ?"

"ನಿನ್ನ ಮ್ಯಾಚಿಗೆ ಏನಂತ ಮಾಡ್ತೀನಿ?"

"ಕೈಕಾಲು ಮುರೀದೆ ಇರ್ಲಿ, ಮೋಸ ಮಾಡದೆ ಆಡ್ಲಿ ಅಂತ. ಗೆಲ್ಲಲಿ ಅಂತ ಯಾವತ್ತೂ ಮಾಡಲ್ಲ. ನಂಗೆಷ್ಟು ಕೋಪ ಬರುತ್ತೆ ಗೊತ್ತಾ!"

ಅಪ್ಪ ನಕ್ಕುಬಿಟ್ಟರು. "ಇವರಿಗೂ ಅಷ್ಟೇ ಕಣೇ. ಸುಳ್ಳಾಡದ ನಾಲಿಗೆ ಕೊಡು ಕರ್ತನೇ ಅಂದೆ. ಟೈಲರಮ್ಮ ಬಂದಿದ್ರೂ ಅದನ್ನೇ ಕೇಳ್ತಿದ್ದೆ. ದೇವರನ್ನ ಯಾರ ಟೀಮಿಗಾದ್ರೂ ಸೇರಿಸೋಕೆ ನಾನೇನು ಕೋಚಾ?"

ಅಲ್ಲೇ ನಿಂತು ಅಪ್ಪ ಫೋನ್ ಹಚ್ಚಿದರು. ಹೀರೋನ ದನಿ ಸೀರಿಯಲ್ಲಿನಲ್ಲಿ ಕೇಳಿದಂತೆಯೇ ಗಡಸಾಗಿ ಕೇಳಿಸಿತು.

"ಪಾಸ್ಟರ್! ಪೋಸ್ಟರ್ ಸೂಪರ್ ಆಗಿದೆ ಅಲ್ವಾ?"

"ಆಗಿದೆ ಸರ್. ಅದರಿಂದ ನನ್ನನ್ನ ತೆಗೀಬೇಕು."

"ಅಯ್ಯೋ, ಅಂಟಿಸಿ ಆಗೋಯ್ತಲ್ಲ! ಇರ್ಲಿ ಬಿಡಿ. ಈ ಭಾನುವಾರ ಟಿವಿಯವರನ್ನೇ ಕರ್ಕೊಂಡ್ ಬರ್ತೀನಿ. ನಿಮ್ಮ ಚರ್ಚು ಮನೆಮನೇಲಿ ಫೇಮಸ್!"

ಕಪ್ಪೆ ಅಪ್ಪನ ತೋಳು ಹಿಡಿದು ಜಗ್ಗಿದಳು. ಟಿವಿ!

"ನೀವು ಬನ್ನಿ ಸರ್, ಖಂಡಿತ ಪ್ರಾರ್ಥನೆ ಮಾಡ್ತೀನಿ," ಎಂದರು ಅಪ್ಪ. "ಟಿವಿ ಬೇಡ. ನಮ್ಮದು ಸ್ಟೇಜ್ ಅಲ್ಲ. ಪೋಸ್ಟರಲ್ಲಿರೋ ನಿಮ್ಮನ್ನ ನಾನು ಮುಟ್ಟಲ್ಲ. ನನ್ನ ಮುಖಕ್ಕೆ ಮಾತ್ರ ನಾನೇ ಬಣ್ಣ ಹೊಡ್ಕೊಳ್ತೀನಿ. ಆಗಬಹುದಾ?"

ಆಮೇಲೆ, "ನಿಮ್ಮ ಮುಖ, ನಿಮ್ಮಿಷ್ಟ!" ಎಂಬ ದನಿ ಕೇಳಿ ಫೋನ್ ಕಟ್ಟಾಯಿತು. ಅದು ಸೀರಿಯಲ್ಲಿನ ದನಿಯಂತಿರಲಿಲ್ಲ.

ಅಪ್ಪ ಏಣಿ ತಂದರು. ಬಿಳಿ ಪೇಂಟಿನ ಡಬ್ಬಿ ಬಿಚ್ಚಿದರು. ಹೀರೋನ ಒಂದು ಕೂದಲಿಗೂ ತಾಗದ ಹಾಗೆ ನಾಜೂಕಾಗಿ ತಮ್ಮ ಮುಖ ಮುಚ್ಚಿದರು, ಕೈ ಮುಚ್ಚಿದರು.

ಎದುರಿನ ಕಟಿಂಗ್ ಶಾಪಿನವನು ಕತ್ತರಿ ಹಿಡಿದೇ ಹೊರಗೆ ಬಂದ. "ಏನ್ ಪಾಸ್ಟರೇ! ಮುಖಕ್ಕೆ ಮಸಿ ಬಳಿಯೋದು ಕೇಳಿದ್ದೆ. ಬಿಳಿ ಬಳ್ಕೊಳ್ಳೋರನ್ನ ಇವತ್ತೇ ನೋಡಿದ್ದು!"

"ನೀನು ವಾರವಾರ ಶೇವ್ ಮಾಡೋ ಮುಖ ತಾನೆ? ಇನ್ನು ಇದಕ್ಕೆ ಶೇವಿಂಗ್ ಬೇಡ ಬಿಡು," ಎಂದರು ಅಪ್ಪ. ನಿಂತವರೆಲ್ಲ ಘೊಳ್ಳೆಂದರು.

ಅಪ್ಪನ ಬ್ರಷ್ ಕಪ್ಪೆಯ ಚಿತ್ರದ ಹತ್ತಿರ ಬಂದು ನಿಂತಿತು. ಅವರು ಕೆಳಗಿಳಿದರು.

"ಇದು ನಿನ್ನ ಮುಖ. ನಿನ್ನ ಕೇಳದೆ ನಾನು ಮುಟ್ಟೋ ಹಾಗಿಲ್ಲ."

ಕಪ್ಪೆ ತಲೆಯೆತ್ತಿ ನೋಡಿದಳು. ಇಷ್ಟು ಚೆಂದದ ಫೋಟೋ ಅವಳದು ಇನ್ನೊಂದಿಲ್ಲ. ಹಾಗೇ ಬಿಟ್ಟರೂ ಅಪ್ಪ ಏನೂ ಅನ್ನುವುದಿಲ್ಲ, ಅವಳಿಗೆ ಗೊತ್ತು. ಮೂಲೆಯಲ್ಲಿ ಒಂದು ಮಗು ಇದ್ದರೆ ಯಾರಿಗೆ ಏನು ನಷ್ಟ?

ಆಗ ಅವಳಿಗೆ ಕಂಡಿತು. ಬಿಳಿ ಬಣ್ಣದಡಿ ಮರೆಯಾಗುವ ಮೊದಲು ಅಪ್ಪನ ಕಣ್ಣು ಮುಚ್ಚಿತ್ತು. ಹೀರೋ ಕೂಡ ಕಣ್ಣು ಮುಚ್ಚಿದ್ದ. ಹಿಂದೆ ಸಾಲಾಗಿ ನಿಂತ ಚರ್ಚಿನವರೆಲ್ಲ ಕಣ್ಣು ಮುಚ್ಚಿದ್ದರು. ಎಲ್ಲರೂ ಪ್ರಾರ್ಥಿಸುತ್ತಿದ್ದಾಗ ಒಬ್ಬಳ ಕಣ್ಣು ಮಾತ್ರ ಅಗಲವಾಗಿ ತೆರೆದಿತ್ತು. ನೇರ ಕ್ಯಾಮೆರಾದ ಕಡೆಗೆ.

ಕಪ್ಪೆಯ ಕಿವಿ ಬಿಸಿಯಾಯಿತು.

"ಬ್ರಷ್ ಕೊಡಪ್ಪ," ಎಂದಳು.

ಮೊದಲು ಹಲ್ಲುಗಳು ಹೋದವು, ಆಮೇಲೆ ಆ ಕಣ್ಣುಗಳು. ಶಾಲೆಯ ಗೇಟಿನ ತನಕ ಇಂಥ ಪೋಸ್ಟರುಗಳು ಬೇಕಾದಷ್ಟಿದ್ದವು. ಅಪ್ಪ ಇನ್ನೊಂದು ಡಬ್ಬಿ, ಇನ್ನೊಂದು ಬ್ರಷ್ ತಂದರು. ಎತ್ತರದವು ಏಣಿಯ ಮೇಲೆ ಕಪ್ಪೆಗೆ. ಕೈಗೆಟುಕುವವು ಅಪ್ಪನಿಗೆ.

ಟೈಲರ್ ಅಂಗಡಿಯ ಪಕ್ಕದ ಗೋಡೆಗೆ ಬಂದಾಗ ಅಲ್ಲಾಡುತ್ತಿದ್ದ ಏಣಿ ಒಮ್ಮೆಲೇ ಗಟ್ಟಿಯಾಗಿ ನಿಂತಿತು. ಕಪ್ಪೆ ಬಗ್ಗಿ ನೋಡಿದಳು. ಕೆಳಗೆ ಕುದುರೆ.

"ನೀನು ಬಿದ್ದು ಕೈ ಮುರ್ಕೊಂಡ್ರೆ ಶನಿವಾರ ಯಾರು ಗೋಲು ಕಾಯೋದು?" ಎಂದಳು.

"ಮೇಡಂಗೆ ಬೇರೆಯವರನ್ನ ಹಾಕಿ ಅಂತ ಹೇಳಲ್ವಾ?"

"ಹೇಳ್ಬಿಟ್ಟಿದೀನಿ." ಕುದುರೆ ಮುಖ ಕಿವುಚಿದಳು. "ನಾಳೆ ಹೋಗಿ ಬೇಡ ಅನ್ಬೇಕು. ಬೈಸ್ಕೋಬೇಕು. ಎಲ್ಲಾ ನಿನ್ನಿಂದಾನೇ, ಕಪ್ಪೆ!"

ಕಪ್ಪೆ ನಕ್ಕಳು. ಏಣಿಯ ಮೇಲಿಂದ ರಸ್ತೆ ಉದ್ದಕ್ಕೂ ಕಾಣುತ್ತಿತ್ತು. ಅಷ್ಟು ದೂರದಲ್ಲಿ ಅಪ್ಪ ಒಬ್ಬರೇ, ಡಬ್ಬಿ ಹಿಡಿದು ಒಂದು ಪೋಸ್ಟರಿನಿಂದ ಇನ್ನೊಂದಕ್ಕೆ ನಡೆಯುತ್ತಿದ್ದರು. ಅಂಗಿಯ ಬೆನ್ನ ಮೇಲೆಲ್ಲ ಬಿಳಿ ಚುಕ್ಕೆ. ದಾರಿಹೋಕರು ನಿಂತು, ಯಾರಪ್ಪಾ ಇವನು ಎಂಬಂತೆ ನೋಡುತ್ತಿದ್ದರು.

ಅದು ನಮ್ಮಪ್ಪ ಎಂದು ಇಡೀ ರಸ್ತೆಗೆ ಕೇಳುವ ಹಾಗೆ ಕೂಗಬೇಕೆಂದು ಕಪ್ಪೆಗೆ ಅನ್ನಿಸಿತು.

ಕೂಗಲಿಲ್ಲ. ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದಿದಳು.