ಉಸಿರಾಡುವ ಹೊದಿಕೆ

ಓಡಿಸದ ಗಾಡಿಗೆ ಹೊದಿಕೆ ಯಾಕೆ ಎಂದು ಅವನು ಭಾವನನ್ನು ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದರೆ, "ಓಡಿಸದೇ ಇರೋದಕ್ಕೇ ಕಣಪ್ಪಾ ಹೊದಿಕೆ" ಎಂಬ ಉತ್ತರ ಬರುತ್ತಿತ್ತು. ಅದನ್ನು ಕೇಳಿದ ಮೇಲೂ ತನ್ನ ಕೈ ಸುಮ್ಮನಿರುತ್ತದೆಂಬ ಭರವಸೆ ಅವನಿಗಿರಲಿಲ್ಲ.

ಗಾಡಿ ಅಪ್ಪನದು. ಬ್ರೆಡ್ಡು ಸಾಗಿಸುತ್ತಿದ್ದ ಹಳೆಯ ವ್ಯಾನೊಂದನ್ನು ತಂದು, ಒಳಗೆ ಮಡಚುವ ಮಂಚ, ಪುಟ್ಟ ಒಲೆ, ಕೈತೊಳೆಯುವ ಬೇಸಿನ್ನು ಎಲ್ಲ ಕೂರಿಸಿ ಅಪ್ಪ ಅದನ್ನು 'ಮನೆಗಾಡಿ' ಮಾಡಿದ್ದರು. ಒಂದೊಂದು ಸ್ಕ್ರೂ ತಿರುಗಿಸುವಾಗಲೂ ಟಾರ್ಚು ಹಿಡಿದು ನಿಂತವನು ಮಗ. ಸಮುದ್ರದ ದಂಡೆಯಲ್ಲಿ ಅದನ್ನು ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು, ಅಲೆ ನೋಡುತ್ತ ಚಹಾ ಕುಡಿಯಬೇಕೆಂದು ಅಪ್ಪ ಮಗ ಇಬ್ಬರೂ ಹಂಬಲಿಸಿದ್ದರು. ಆದರೆ ಅವನು ಒಂದೇ ಒಂದು ಸಲ ಗಾಡಿಯನ್ನು ಗೇಟಿನ ಕಂಬಕ್ಕೆ ಉಜ್ಜಿದ್ದೇ ತಪ್ಪಾಗಿ, ಅಪ್ಪ ಕಣ್ಣು ಮುಚ್ಚುವ ಮೊದಲು ಅದನ್ನು ಅಳಿಯನ ಹೆಸರಿಗೆ ಮಾಡಿಬಿಟ್ಟರು. ಅಳಿಯ ಜವಾಬ್ದಾರಿಯ ಮನುಷ್ಯನಂತೆ. ಆ ಜವಾಬ್ದಾರಿಯ ಮನುಷ್ಯ ಗಾಡಿಯನ್ನು ತನ್ನ ಮನೆಯ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸಿದವನು ಮತ್ತೆ ಅದರ ಚಕ್ರ ಉರುಳಗೊಡಲಿಲ್ಲ. ರಸ್ತೆಯಲ್ಲಿ ಧೂಳು, ಸಮುದ್ರದಲ್ಲಿ ಉಪ್ಪು, ಊರಾಚೆ ಕಳ್ಳರು. ಭಾವ ಕಳ್ಳರು ಅಂದಾಗಲೆಲ್ಲ ಅವನಿಗೆ ಮೈ ಉರಿಯುತ್ತಿತ್ತು.

ಹೊದಿಕೆಯ ವಿಷಯದಲ್ಲಿ ಮಾತ್ರ ಅವನು ಸೋತಿರಲಿಲ್ಲ. ಅವನು ಕೆಲಸ ಮಾಡುತ್ತಿದ್ದದ್ದು ಕಾರು, ದೋಣಿ, ಯಂತ್ರಗಳಿಗೆ ಹೊದಿಕೆ ಹೊಲಿಯುವ ಅಂಗಡಿಯಲ್ಲಿ. ಭಾವ ದಪ್ಪನೆಯ ಕಪ್ಪು ಟಾರ್ಪಾಲು ತಂದು, "ಇದಕ್ಕಿಂತ ಗಟ್ಟಿ ಇನ್ನೇನಿದೆ?" ಅಂದಿದ್ದ. ಅವನು ಮೂಗು ಮುರಿದ. "ಅದನ್ನ ಹೊದಿಸಿದ್ರೆ ಒಳಗಿನ ತೇವ ಆಚೆ ಹೋಗಲ್ಲ ಭಾವ. ಗಾಡಿ ಬೆವರುತ್ತೆ, ಬೂಸ್ಟು ಹಿಡಿಯುತ್ತೆ, ತುಕ್ಕು ತಿನ್ನುತ್ತೆ. ಉಸಿರಾಡೋ ಬಟ್ಟೆ ಬೇಕು." ಕೊನೆಗೆ ತಾನೇ ಅಳತೆ ತೆಗೆದು, ತಿಳಿಬೂದು ಬಣ್ಣದ ಬಟ್ಟೆ ಆರಿಸಿ ಹೊಲಿದ. ಮಳೆ ತಡೆಯಬೇಕಾದ ಮೇಲ್ಭಾಗಕ್ಕೆ ಮೂರು ಪದರ, ಗಾಳಿಯಾಡಬೇಕಾದ ಪಕ್ಕಗಳಿಗೆ ಒಂದೇ ಪದರ, ಬಾಗಿಲಿಗೆ ಸರಿಯಾಗಿ ಒಂದು ಉದ್ದನೆಯ ಜಿಪ್ಪು. ಅಂದಿನಿಂದ ಭಾವ ಅವನನ್ನು ಎಕ್ಸ್‌ಪರ್ಟು ಎಂದೇ ಕರೆದ. ಆ ಬಿರುದಿನ ಜೊತೆ ಸಿಕ್ಕಿದ್ದು ಚಾಕರಿ. ಪ್ರತಿ ಭಾನುವಾರ ಬೆಳಿಗ್ಗೆ ಬಂದು ಮೆತ್ತನೆಯ ಬ್ರಶ್ಶಿನಿಂದ ಹಕ್ಕಿ ಹಿಕ್ಕೆ ಉಜ್ಜಬೇಕು, ಪಟ್ಟಿಗಳನ್ನು ಬಿಗಿಯಬೇಕು, ಮೂಲೆಗಳಲ್ಲಿ ಬಟ್ಟೆ ಸವೆಯದಂತೆ ಹಳೇ ಟವೆಲು ಸಿಕ್ಕಿಸಬೇಕು. ಅಕ್ಕ ಬಡಿಸಿದ್ದನ್ನು ಉಂಡು ಮಧ್ಯಾಹ್ನದ ಬಸ್ಸು ಹಿಡಿಯಬೇಕು. ಕೀ ಮಾತ್ರ ಕೇಳುವಂತಿಲ್ಲ.

ಉಪಾಯ ಹೊಳೆದದ್ದು ಒಂದು ಪಟ್ಟಿಯನ್ನು ಬಿಗಿಯುವಾಗಲೇ. ಭಾವ ದಿನಾ ಮಹಡಿಯ ಬಾಲ್ಕನಿಯಿಂದ ನೋಡುತ್ತಿದ್ದದ್ದು ಏನನ್ನು? ಗಾಡಿಯನ್ನಲ್ಲ, ಹೊದಿಕೆಯನ್ನು. ಹೊದಿಕೆ ಅಲ್ಲೇ ಇದ್ದರೆ ಗಾಡಿಯೂ ಇದ್ದಂತೆಯೇ. ತಿಂಗಳುಗಳು ಕಳೆದ ಮೇಲೆ ಒಂದು ಭಾನುವಾರ ತಾನೇ "ಅಯ್ಯೋ, ಗಾಡಿ ಎಲ್ಲಿ?" ಎಂದು ಕೂಗಿದರಾಯಿತು. ಯಾವತ್ತು ಹೋಯಿತೆಂದೇ ಗೊತ್ತಿಲ್ಲದ ಗಾಡಿಗಾಗಿ ಪೊಲೀಸರು ಯಾರನ್ನು ಹಿಡಿಯುತ್ತಾರೆ, ಯಾವ ದಿನದ ಲೆಕ್ಕ ಕೇಳುತ್ತಾರೆ?

ಅಳತೆಗಳೆಲ್ಲ ಅವನ ತಲೆಯಲ್ಲೇ ಇದ್ದವು. ವೆಲ್ಡಿಂಗ್ ಮಾಡುವ ಗೆಳೆಯನ ಶೆಡ್ಡಿನಲ್ಲಿ ಕಬ್ಬಿಣದ ಪೈಪುಗಳನ್ನು ಕತ್ತರಿಸಿ, ಗಾಡಿಯ ಆಕಾರಕ್ಕೆ ಒಂದು ಚೌಕಟ್ಟು ಮಾಡಿದ. ನೀರು ನಿಲ್ಲದಂತೆ ಮೇಲೆ ಇಳಿಜಾರಾಗಿ ಪ್ಲೈವುಡ್ಡು, ಕನ್ನಡಿಗಳ ಉಬ್ಬಿಗೆ ಪೇಂಟಿನ ಎರಡು ಖಾಲಿ ಡಬ್ಬ, ಚಕ್ರಗಳ ಜಾಗಕ್ಕೆ ಗುಜರಿ ಟೈರು. ಅಕ್ಕ ಭಾವ ಮಗಳ ಮನೆಗೆ ಹೋಗಿದ್ದ ವಾರ, ಜಿಟಿಜಿಟಿ ಮಳೆಯ ಒಂದು ಮಧ್ಯಾಹ್ನ, ಅಪ್ಪ ಹಿಂದೆಂದೋ ಕೊಟ್ಟಿದ್ದ, ಭಾವನಿಗೆ ಗೊತ್ತಿರದ ಇನ್ನೊಂದು ಕೀ ತಿರುಗಿಸಿದ. ಇಂಜಿನ್ನು ಕೆಮ್ಮಿತು, ಬೈದುಕೊಂಡಿತು, ಹೊರಟಿತು. ಗೇಟಿನ ಕಂಬಕ್ಕೆ ಈ ಸಲ ಒಂದು ಗೀರೂ ಬೀಳಲಿಲ್ಲ. ಅದನ್ನು ನೋಡಲು ಅಪ್ಪ ಇರಲಿಲ್ಲವೆಂದು ಅವನಿಗೆ ನಿಜಕ್ಕೂ ಸಂಕಟವಾಯಿತು. ಗಾಡಿ ಶೆಡ್ಡು ಸೇರಿತು, ಚೌಕಟ್ಟು ಹೊದಿಕೆಯೊಳಗೆ ಸೇರಿತು. ರಸ್ತೆಗೆ ಹೋಗಿ ನೋಡಿದ, ಬಾಲ್ಕನಿಯ ಕೆಳಗೆ ನಿಂತು ನೋಡಿದ. ಹೆತ್ತ ತಾಯಿಗೂ ಗೊತ್ತಾಗುವಂತಿರಲಿಲ್ಲ.

ಆಮೇಲೆ ಅವನನ್ನು ಕಾಡಿದ್ದು ಮಳೆಯೊಂದೇ. ಮೋಡ ಬಿಡದೆ ಸುರಿಯುತ್ತಿತ್ತು. ಪ್ಲೈವುಡ್ಡು ಜಗ್ಗಿದರೆ? ಗಾಳಿಗೆ ಪೈಪು ವಾಲಿದರೆ? ಅಂಗಡಿಯಲ್ಲಿ ಹೊಲಿಗೆ ತಪ್ಪಿ ಮಾಲೀಕನಿಂದ ಬೈಸಿಕೊಂಡ. ಕೊನೆಗೆ ಈ ಭಾನುವಾರ ಬೆಳಿಗ್ಗೆ ಅವನು ಬಸ್ಸಿಳಿಯುವಾಗ ಮೋಡ ಹರಿಯತೊಡಗಿತ್ತು. ಗೆದ್ದೆ ಅಂದುಕೊಂಡ.

ಹುಮ್ಮಸ್ಸಿನಲ್ಲಿ ಹೊದಿಕೆಯನ್ನು ಅಡಿಯಿಂದ ಮುಡಿಯವರೆಗೆ ತೊಳೆದ. ಭಾವನಿಗೆ ಕಾಣುವಂತೆಯೇ ಜಿಪ್ಪು ತೆಗೆದು ಒಳಹೊಕ್ಕು, ಡಬ್ಬದ ಮೇಲೆ ಬಟ್ಟೆ ಉಜ್ಜುತ್ತ, ಸಿಳ್ಳೆ ಹಾಕುತ್ತ, ಇಲ್ಲದ ಗಾಡಿಯನ್ನು ಇಡೀ ಅರ್ಧ ಗಂಟೆ ಒರೆಸಿದ. ಹೊರಬಂದು ಬೆವರೊರೆಸಿಕೊಂಡ. "ಗಾಜು, ಬಾನೆಟ್ಟು, ಬಂಪರ್ರು ಎಲ್ಲ ಒರೆಸಿದ್ದೀನಿ ಭಾವ. ಫಳಫಳ ಅಂತಿದೆ."

ಭಾವನಿಗೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. "ಇವತ್ತು ಆ ಹಾಳು ಬಸ್ಸು ಬೇಡ ಬಿಡೋ. ಸಂಜೆ ಚಹಾ ಕುಡ್ಕೊಂಡು ಹೋಗುವೆಯಂತೆ."

ಮೂವರೂ ಬಾಲ್ಕನಿಯಲ್ಲಿ ಕೂತರು. ಅಕ್ಕ ಚಹಾ ಬಸಿದಳು. ಭಾವ ಕಾಲು ಚಾಚಿ ಕೆಳಗೆ ನೋಡಿದ. "ಒಪ್ಕೋತೀನಿ ಕಣೋ ಎಕ್ಸ್‌ಪರ್ಟು. ನನ್ನ ಮಾತು ಕೇಳಿ ಆ ಕಪ್ಪು ಟಾರ್ಪಾಲು ಹೊದಿಸಿದ್ದಿದ್ರೆ ಗಾಡಿ ಕತೆ ಮುಗೀತಿತ್ತು." ಅವನು ವಿನಯದಿಂದ ತಲೆ ತಗ್ಗಿಸಿದ. ಹತ್ತಾರು ಭಾನುವಾರಗಳ ಅವಮಾನಕ್ಕೆ ಆ ಒಂದು ಮಾತು ಸಾಕೆನಿಸಿತು.

ಆಗ ಕೊನೆಯ ಮೋಡವೂ ಸರಿದು, ಇಳಿಯುತ್ತಿದ್ದ ಸೂರ್ಯ ಹೊದಿಕೆಯ ಬೆನ್ನ ಹಿಂದಿನ ಮೋಟು ಗೋಡೆಯ ಮೇಲೆ ಬಂದು ನಿಂತ. ಸದಾ ಮಧ್ಯಾಹ್ನದ ಬಸ್ಸಿಗೇ ಹೊರಡುತ್ತಿದ್ದ ಎಕ್ಸ್‌ಪರ್ಟು ಈ ಮನೆಯಲ್ಲಿ ಒಂದು ಸಂಜೆಯನ್ನೂ ಕಂಡವನಲ್ಲ. ಆರಿ ಬೆಳ್ಳಗಾಗಿದ್ದ ಪಕ್ಕದ ಆ ಒಂದೇ ಪದರದ ಬಟ್ಟೆ ಮೊದಲು ಹಳದಿಗೆ ತಿರುಗಿತು, ಆಮೇಲೆ ದೀಪ ಹಚ್ಚಿದಂತೆ ಬೆಳಗಿತು. ಅದರ ಮೇಲೆ ಒಂದೊಂದಾಗಿ ಪೈಪುಗಳ ಕಪ್ಪು ಗೆರೆಗಳು ಮೂಡಿದವು, ಎರಡು ಡಬ್ಬಗಳು ಮೂಡಿದವು. ಇಂಜಿನ್ನಿರಬೇಕಾದ ಜಾಗದಲ್ಲಿ ಒಂದು ಬೆಕ್ಕು ಕೂತು ನಿಶ್ಚಿಂತೆಯಿಂದ ಕಾಲು ನೆಕ್ಕಿಕೊಳ್ಳುತ್ತಿರುವುದು ಸ್ಪಷ್ಟವಾಗಿ ಕಾಣಿಸಿತು. ಭಾವನ ಲೋಟ ತುಟಿಯ ಹತ್ತಿರವೇ ನಿಂತಿತ್ತು. ಅಕ್ಕ ಕೆಳಗೆ ನೋಡಿದಳು, ತಮ್ಮನನ್ನು ನೋಡಿದಳು. "ಬೆಳಿಗ್ಗೆ ಅರ್ಧ ಗಂಟೆ ಒಳಗೆ ಏನೋ ಒರೆಸ್ತಾ ಇದ್ದೆ ನೀನು?" ಎಂದು ಮೆಲ್ಲಗೆ ಕೇಳಿದಳು.