ಗಂಟಲಲ್ಲಿದ್ದ ಹೆಸರು

“‘ಸಮ್‌ಬಡಿ ಈಸ್ ಅಟ್ ದ ಡೋರ್’ ಅನ್ನಿ ನೋಡೋಣ.”

ದುರದುಂಡಿ ಅಂದ. ಕೊರಳಿಗೆ ಬಿಗಿದಿದ್ದ ಪಟ್ಟಿಯ ಮೇಲಿನ ಪುಟ್ಟ ದೀಪ ಹಸಿರಾಯಿತು.

“ಈಗ ಬಾಗಿಲ ಹೊರಗೆ ನಿಮಗೆ ಗೊತ್ತಿರೋ ಒಬ್ಬರು ನಿಂತಿದ್ದಾರೆ ಅಂದ್ಕೊಳ್ಳಿ. ಹೆಸರು ಹೇಳಬೇಡಿ. ಅದೇ ವಾಕ್ಯ ಮತ್ತೆ ಹೇಳಿ.”

ಮತ್ತೆ ಅಂದ. ದೀಪ ಹಳದಿಯಾಯಿತು. ಎದುರಿನ ಪರದೆಯ ಮೇಲೆ ಹೆಸರೊಂದು ಮೂಡಿತು: ಇಮಾಮ.

ಇಮಾಮ ಯಾವ ಬಾಗಿಲ ಹೊರಗೂ ನಿಂತಿರಲಿಲ್ಲ. ಸುಟ್ಟ ಮೈಗೆಲ್ಲ ಬ್ಯಾಂಡೇಜು ಸುತ್ತಿಸಿಕೊಂಡು ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಮಲಗಿದ್ದ.

“ಯಂತ್ರ ಸರಿಯಾಗಿದೆ” ಎಂದರು ಡಾ. ಸಿಂಚನಾ ಉಪಾಧ್ಯ. ಯಂತ್ರ ಅವರದೇ. ಹಾಗೆಂದು ಅವರು ಸಹಿ ಹಾಕದಿದ್ದರೆ ಕಾರ್ಖಾನೆಯ ಅಪಘಾತದ ವಿಚಾರಣೆ ಶುರುವಾಗುವಂತಿರಲಿಲ್ಲ.

ಇಪ್ಪತ್ತೊಂದನೆಯ ಶತಮಾನದ ಅರವತ್ತರ ದಶಕ ಅದು. ಗಂಟಲಪಟ್ಟಿ ಹುಟ್ಟಿದ್ದು ಶಾಲೆಯ ಮಕ್ಕಳಿಗಾಗಿ. ಸಮ್‌ಬಡಿ, ಎನಿಬಡಿ, ನೋಬಡಿ, ಎವ್ರಿಬಡಿ ಎಂಬ ಇಂಗ್ಲಿಷಿನ ಈ ಹೆಸರಿಲ್ಲದ ಜನರ ನಡುವೆ ಕನ್ನಡ ಶಾಲೆಯ ಮಕ್ಕಳು ದಾರಿ ತಪ್ಪುತ್ತಿದ್ದರು. ಒಂದು ಮಗು ‘ಎನಿಬಡಿ ಟುಕ್ ಮೈ ಪೆನ್ಸಿಲ್’ ಅಂದರೆ ತಪ್ಪು ಅನ್ನುವುದು ಸುಲಭ. ಅದು ಹೇಳಹೊರಟಿದ್ದು ‘ಯಾರೋ ತೆಗೆದುಕೊಂಡರು’ ಎಂದೋ, ‘ಯಾರಾದರೂ ತೆಗೆದುಕೊಳ್ಳಲಿ’ ಎಂದೋ ತಿಳಿಯಬೇಕಾದರೆ ಅದರ ಮನಸ್ಸು ಗೊತ್ತಿರಬೇಕು. ಸಿಂಚನಾ ಆ ಮನಸ್ಸಿನ ದಾರಿಯನ್ನು ಗಂಟಲಲ್ಲಿ ಕಂಡುಹಿಡಿದರು. ಹೆಸರೊಂದು ನೆನಪಿಗೆ ಬಂದರೆ ಸಾಕು, ಬಾಯಿ ಬೇರೇನೋ ಹೇಳುತ್ತಿದ್ದರೂ ನಾಲಿಗೆಯ ಬುಡದ ಸ್ನಾಯುಗಳು ಆ ಹೆಸರಿಗಾಗಿ ಕೂದಲೆಳೆಯಷ್ಟು ಅಲುಗುತ್ತವೆ. ಪಟ್ಟಿ ಆ ಅಲುಗಾಟವನ್ನು ಓದುತ್ತಿತ್ತು. ಮನಸ್ಸಿನಲ್ಲಿ ಯಾರೂ ಇಲ್ಲದಿದ್ದರೆ ಹಸಿರು, ಇದ್ದರೆ ಹಳದಿ. ಮಕ್ಕಳು ನಕ್ಕು ನಲಿದು ಕಲಿತರು.

ಆಮೇಲೆ ಅದು ವಿಮಾ ಕಂಪನಿಗಳ ಕಣ್ಣಿಗೆ ಬಿತ್ತು. ಅಪಘಾತವಾದಲ್ಲೆಲ್ಲ ‘ಯಾರೋ ಮಾಡಿದರು’ ಎಂಬ ಮಾತು ಕೇಳಿ ಕೇಳಿ ಸಾಕಾಗಿದ್ದ ಜನ ಅವರು.

ದುರದುಂಡಿಗೆ ಇಂಗ್ಲಿಷ್ ಅಂದರೆ ಮೈಯೆಲ್ಲ ಉರಿ. ಎಂಟನೇ ಇಯತ್ತೆಯಲ್ಲಿ ಎದ್ದು ನಿಂತು ಪಾಠ ಓದುವಾಗ ತಡವರಿಸಿದ್ದ. ಹುಡುಗರು ನಕ್ಕಿದ್ದರು. ‘ಯಾಕೆ ನಿಲ್ಲಿಸಿದೆ, ಇಂಗ್ಲಿಷಿನಲ್ಲೇ ಹೇಳು’ ಎಂದು ಮಾಸ್ತರರು ಗದರಿದಾಗ ‘ಎವ್ರಿಬಡಿ ಆರ್ ಲಾಫಿಂಗ್’ ಅಂದಿದ್ದ. ಆಗ ಮಾಸ್ತರರೂ ನಕ್ಕರು. ಹೇಳಿದ್ದು ನಿಜ, ವ್ಯಾಕರಣ ತಪ್ಪು: ‘ಆರ್’ ಅಲ್ಲ, ‘ಈಸ್’. ನಿಜ ಯಾರಿಗೂ ಬೇಕಿರಲಿಲ್ಲ. ಮರುದಿನವೇ ಅವನು ಶಾಲೆ ಬಿಟ್ಟು ಎರಕದ ಕಾರ್ಖಾನೆಗೆ ಹೋಗಿ ಸತ್ಯಪ್ಪ ಕಾಕಾನ ಮುಂದೆ ನಿಂತಿದ್ದ.

ಸತ್ಯಪ್ಪ ಭಟ್ಟಿಯ ಗ್ಯಾಂಗಿನ ಮುಖ್ಯ. ಕರಗಿದ ಕಬ್ಬಿಣವನ್ನು ಲೇಡಲ್ಲಿನಲ್ಲಿ, ಅಂದರೆ ಒಳಗೆ ಮಣ್ಣು ಬಳಿದ ದೊಡ್ಡ ಬಟ್ಟಲಿನಲ್ಲಿ, ಹೊತ್ತೊಯ್ದು ಅಚ್ಚಿಗೆ ಸುರಿಯುವುದು ಇವರ ಕೆಲಸ. ಆ ಮಣ್ಣನ್ನು ಬೆಂಕಿಯಲ್ಲಿ ಕಾಯಿಸಿ ಚೆನ್ನಾಗಿ ಒಣಗಿಸಬೇಕು. ತೇವ ಉಳಿದರೆ ಕಬ್ಬಿಣ ಬಿದ್ದ ಕೂಡಲೇ ಅದು ಆವಿಯಾಗಿ ಸಿಡಿಯುತ್ತದೆ. ಹೋದ ವಾರ ಸಿಡಿದದ್ದು ಹಾಗೆ. ಮುಂದೆ ನಿಂತಿದ್ದವನು ಇಮಾಮ.

ಲೇಡಲ್ ಪೂರಾ ಕಾಯುವ ಮೊದಲೇ ಅದನ್ನು ಬೆಂಕಿಯಿಂದ ಇಳಿಸಿದವನು ಯಾರೆಂದು ದುರದುಂಡಿಗೆ ಗೊತ್ತಿತ್ತು. ಕಣ್ಣಾರೆ ಕಂಡಿದ್ದ. ಇಳಿಸಿದವನು ಸತ್ಯಪ್ಪ ಕಾಕಾ. ಗೋಡೆಯ ಮೇಲಿನ ಪರದೆ ‘ವೇಳೆ ಮುಗಿಯಿತು’ ಎಂದು ಕೆಂಪಗೆ ಮಿನುಗುತ್ತಿತ್ತು. ಒಣಗಿಸುವ ವೇಳೆಯನ್ನು ಅದೇ ತಿಂಗಳು ಅರ್ಧಕ್ಕೆ ಇಳಿಸಲಾಗಿತ್ತು. ತಡವಾದರೆ ಇಡೀ ಪಾಳಿಗೆ ಪಗಾರ ಇಲ್ಲ.

ಈಗ ಕಾಕಾನ ಹೆಸರು ಹೊರಬಿದ್ದರೆ ಅವನಿಗೆ ಜೇಲು. ಇಮಾಮನಿಗೆ ಪರಿಹಾರವೂ ಇಲ್ಲ, ಯಾಕೆಂದರೆ ಕೂಲಿಕಾರರ ತಪ್ಪಿಗೆ ವಿಮೆ ಕೊಡುವುದಿಲ್ಲ.

“ಶುರು ಮಾಡೋಣ್ವಾ?” ಕಾರ್ಖಾನೆಯ ಮ್ಯಾನೇಜರ್ ನಿಖಿಲ್ ದೇಸೂರಕರ ತೋಳು ಮಡಚಿ ಕೂತ. ಸಮುದ್ರದಾಚೆ ವಿಮಾ ಕಂಪನಿಯವರು ಕೇಳುತ್ತಿದ್ದರು. ದುರದುಂಡಿಯ ಕನ್ನಡವನ್ನು ಪಟ್ಟಿಯೇ ತಪ್ಪಿಲ್ಲದ ಇಂಗ್ಲಿಷ್ ಮಾಡಿ ಅವರಿಗೆ ಮುಟ್ಟಿಸುತ್ತಿತ್ತು. ಅವನ ಬಾಯಿಂದ ಎಂದೂ ಬಾರದ ಇಂಗ್ಲಿಷು!

“ಲೇಡಲ್ ಒಣಗುವ ಮೊದಲೇ ಇಳಿಸಿದ್ದು ಯಾರು?” ಸಿಂಚನಾ ಕೇಳಿದರು.

ಹೆಸರು ನೆನೆಯಬಾರದು. ಬೇರೆ ಏನಾದರೂ ನೆನೆಯಬೇಕು. ಹೆಂಚು, ರೊಟ್ಟಿ, ಅವ್ವನ ಸೀರೆ. ಬೆನ್ನ ಹಿಂದಿನ ಬೆಂಚಿನಲ್ಲಿ ಕಾಕಾ ಕೆಮ್ಮಿದ. ಅಷ್ಟೇ ಸಾಕಾಯಿತು, ರೊಟ್ಟಿ ಸೀರೆ ಎಲ್ಲ ಓಡಿಹೋದವು.

“ಯಾರೋ ಇಳಿಸ್ಯಾರ್ರಿ” ಅಂದ. ಕಣ್ಣು ಮುಚ್ಚಿಕೊಂಡ.

“ಹಳದಿ” ಎಂದ ದೇಸೂರಕರ, ಗಾಳಕ್ಕೆ ಮೀನು ಸಿಕ್ಕವನಂತೆ.

ದುರದುಂಡಿ ಕಣ್ಣು ತೆರೆದ. ಪರದೆಯ ಮೇಲಿದ್ದ ಹೆಸರು ಸತ್ಯಪ್ಪನದಲ್ಲ. ಅವನ ಸ್ವಂತದ್ದೇ: ದುರದುಂಡಿ.

“ನೀನಾ?” ಎಂದ ದೇಸೂರಕರ.

“ನಾ ಅಲ್ರೀ…” ಅಂದ. ಆದರೆ ಆ ಪಟ್ಟಿ ಸುಳ್ಳು ಹೇಳುವುದಿಲ್ಲ ಎಂದು ಊರೆಲ್ಲ ನಂಬಿತ್ತು.

ಎರಡನೆಯವನಾಗಿ ಸತ್ಯಪ್ಪ ಬಂದ. ಅದೇ ಪ್ರಶ್ನೆ, ಪರದೆಯಲ್ಲಿ ಸತ್ಯಪ್ಪ. ಆಮೇಲೆ ಕಲ್ಲಪ್ಪ ಬಂದ, ಪರದೆಯಲ್ಲಿ ಕಲ್ಲಪ್ಪ. ಅಪಘಾತದ ಹೊತ್ತಿಗೆ ಭಟ್ಟಿಯ ಆಚೆ ಬದಿಗೆ ಇದ್ದಲು ಹಾಕುತ್ತಿದ್ದ ಫಕೀರವ್ವ ಬಂದಳು. ಅವಳು ಲೇಡಲ್ ಮುಟ್ಟಿದವಳೂ ಅಲ್ಲ. ಪರದೆಯಲ್ಲಿ ಫಕೀರವ್ವ. ಇಡೀ ಗ್ಯಾಂಗು ಮುಗಿಯಿತು. ಪ್ರತಿಯೊಬ್ಬರ ಗಂಟಲಲ್ಲೂ ಅವರವರದೇ ಹೆಸರು.

“ಚಲೋ ಆತು” ದೇಸೂರಕರ ನಕ್ಕ. “ಎಲ್ಲರೂ ಒಪ್ಕೊಂಡ್ರು. ಮೇಡಂ, ವರದಿಗೆ ಸಹಿ ಹಾಕಿ.”

ಸಿಂಚನಾ ಪೆನ್ನು ಎತ್ತಲಿಲ್ಲ. “ಇದು ಹೇಗೆ ಸಾಧ್ಯ? ಮುಟ್ಟದವರ ಗಂಟಲಲ್ಲೂ ‘ನಾನು’ ಅಂತ ಬಂದು ಅವರದೇ ಹೆಸರು ಮೂಡ್ತಿದೆ. ಇಷ್ಟು ವರ್ಷದಲ್ಲಿ ನಾನು ಎಲ್ಲೂ ಇದನ್ನ ಕಂಡಿಲ್ಲ.”

ಸತ್ಯಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ದವಡೆಗೆ ಸರಿಸಿದ. “ಭಟ್ಟಿ ಮುಂದ ನಾವು ಯಾರ ಹೆಸರೂ ಕರೆಯಂಗಿಲ್ರಿ ಮೇಡಮ್ಮರ. ಹೆಸರ ಕರದ್ರ ಅಂವ ಹೊಳ್ಳಿ ನೋಡ್ತಾನ. ಹೊಳ್ಳಿದ ಅಂದ್ರ ಕೈ ವಾಲತೈತಿ, ಕಬ್ಬಿಣ ಚೆಲ್ಲತೈತಿ. ಅದಕ್ಕ ನಾ ‘ಯಾರು?’ ಅಂತ ಒದರತೇನಿ. ಇದ್ದಾವ್ರೆಲ್ಲಾ ‘ನಾ!’ ಅಂತಾರ. ಲೇಡಲ್ ಹಿಡ್ಯಾಕೂ ಅಷ್ಟ, ಬಿಡಾಕೂ ಅಷ್ಟ. ಎರಕ ಕೆಟ್ಟಾಗೂ ಅಷ್ಟ.”

“ಕೆಟ್ಟಾಗಲೂ?”

“ಕೆಟ್ಟಾಗ ಒಬ್ಬನ್ನ ಹಿಡದ್ರ ಉಳದಾವ್ರು ಕಲಿಯಂಗಿಲ್ರೀ. ಹೊಸಬ ಬಂದ್ರ ಮದಲ ಇದನ್ನ ಕಲಸ್ತೇವಿ. ಈ ದುರದುಂಡ್ಯಾಗ ಎಷ್ಟ ಬೈದೇನಿ ಕೇಳ್ರಿ.”

ದುರದುಂಡಿಗೆ ಥಟ್ಟನೆ ನೆನಪಾಯಿತು. ಮೊದಲ ತಿಂಗಳು ‘ಯಾರು?’ ಅಂದಾಗ ಬೇರೆಯವರ ಕಡೆ ನೋಡಿದ್ದಕ್ಕೆ ಕಾಕಾ ತಲೆಗೆ ಮೊಟಕಿದ್ದ. ಆಮೇಲೆ ನಿದ್ದೆಯಲ್ಲೂ ‘ನಾ’ ಅನ್ನುವುದು ರೂಢಿಯಾಗಿ, ಅವ್ವ ಗಾಬರಿಯಾಗಿ ಹಣೆಗೆ ಗುಡಿಯ ಅಂಗಾರದ ಬೂದಿ ಹಚ್ಚಿದ್ದಳು.

“ಕಥೆ ಸಾಕು” ದೇಸೂರಕರ ಗಡಿಯಾರ ನೋಡಿದ. “ಯಂತ್ರ ಹೇಳಿದ್ದೇ ಸಾಕ್ಷಿ.”

ದುರದುಂಡಿ ಎದ್ದು ನಿಂತ. “ಹಂಗಾರ ನೀವೂ ಹಾಕ್ಕೋರಿ ಸಾಹೇಬ್ರ. ನಮ್ಮ ಕೊರಳಿಗೆ ಆಗಿದ್ದು ನಿಮ್ಮ ಕೊರಳಿಗೆ ಆಗಂಗಿಲ್ಲೇನು?”

“ಏಯ್, ಕೂಡೋ!”

“ಹಾಕಿಕೊಳ್ಳಿ” ಎಂದರು ಸಿಂಚನಾ. “ಇಲ್ಲದಿದ್ದರೆ ನಾನು ಸಹಿ ಹಾಕೋದಿಲ್ಲ.”

ದೇಸೂರಕರ ಟೈ ಸಡಿಲಿಸಿ ಪಟ್ಟಿ ಕಟ್ಟಿಕೊಂಡ. ಅವನಿಗೆ ಅನುವಾದದ ಅಗತ್ಯವಿರಲಿಲ್ಲ. “ನೋಬಡಿ ಆಸ್ಕ್ಡ್ ದೆಮ್ ಟು ಹರಿ” ಅಂದ. ಅವಸರ ಮಾಡಿ ಎಂದು ಯಾರೂ ಹೇಳಿಲ್ಲ.

ಹಸಿರು.

“ಒಣಗಿಸೋ ವೇಳೆ ಅರ್ಧ ಮಾಡಿದ್ದು ಯಾರು?” ಎಂದರು ಸಿಂಚನಾ.

“ಸಮ್‌ಬಡಿ ಅಟ್ ದ ಹೆಡ್ ಆಫೀಸ್.”

ಹಸಿರು. ಎಲೆಯ ಮೇಲಿನ ನೀರಿನಷ್ಟು ಶುದ್ಧ ಹಸಿರು.

ಸಿಂಚನಾ ಬಿಡಲಿಲ್ಲ. ಹೆಡ್ ಆಫೀಸನ್ನೇ ಪರದೆಗೆ ಕರೆಸಿದರು. ಅಲ್ಲಿನ ಅಧಿಕಾರಿಯೂ ಅಲ್ಲಿದ್ದ ಪಟ್ಟಿಯೊಂದನ್ನು ಕಟ್ಟಿಕೊಂಡ. ವೇಳೆಯನ್ನು ಲೆಕ್ಕದ ಯಂತ್ರ ಸೂಚಿಸಿತ್ತು, ಯಾರೋ ಒಪ್ಪಿದ್ದರು, ಯಾರೂ ಬೇಡ ಅಂದಿರಲಿಲ್ಲ. ಒಂದೊಂದು ವಾಕ್ಯಕ್ಕೂ ಹಸಿರು. ವ್ಯಾಕರಣದಲ್ಲಿ ಒಂದು ಚುಕ್ಕೆಯ ತಪ್ಪೂ ಇಲ್ಲ.

“ನೋಡಿದಿರಾ?” ದೇಸೂರಕರ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟ. “ನಾವು ಸುಳ್ಳು ಹೇಳ್ತಿಲ್ಲ.”

“ಹೌದ್ರಿ” ಎಂದ ದುರದುಂಡಿ. “ನೀವು ಸುಳ್ಳ ಹೇಳಾಕತ್ತಿಲ್ಲ. ನಿಮ್ಮ ಗಂಟಲದಾಗ ಖರೇನ ಯಾರೂ ಇಲ್ಲ. ಇಮಾಮನೂ ಇಲ್ಲ! ಮೈ ಸುಟ್ಟಾವಂದು ಹೆಸರಾದ್ರೂ ಒಮ್ಮೆ ಅಲುಗಬೇಕಿತ್ತಲ್ರೀ?”

ಸಿಂಚನಾ ಮೇಜಿನ ಮೇಲಿದ್ದ ಪಟ್ಟಿಯನ್ನು ನೋಡಿದರು. ಮುಚ್ಚಿಟ್ಟವರನ್ನು ಹಿಡಿಯಲು ಮಾಡಿದ್ದಲ್ಲ ಅದು, ಆದರೆ ಜಗತ್ತು ಹಾಗೇ ಬಳಸಿತ್ತು. ಮುಚ್ಚಿಡಲು ಹೆಸರೇ ಉಳಿಯದ ಹಾಗೆ ಹೊಣೆಯನ್ನು ಚೂರುಚೂರಾಗಿ ಹಂಚಿಕೊಂಡವರ ಮುಂದೆ ಅದು ಕುರುಡು. ತಪ್ಪನ್ನು ಒಳಗೆ ಇಳಿಸಿಕೊಂಡವನಿಗೆ ಹಳದಿ, ದಾಟಿಸಿಬಿಟ್ಟವನಿಗೆ ಹಸಿರು. ಅವರು ಅದನ್ನು ಎತ್ತಿ ತಮ್ಮ ಕೊರಳಿಗೇ ಕಟ್ಟಿಕೊಂಡರು.

“ಈ ಯಂತ್ರ ಇಲ್ಲಿಗೆ ಬರದ ಹಾಗೆ ಯಾರಾದರೂ ತಡೀಬೇಕಿತ್ತು” ಎಂದರು.

ಹಳದಿ. ಪರದೆಯ ಮೇಲೆ: ಸಿಂಚನಾ.

ಅವರು ಯಂತ್ರ ಸರಿಯಾಗಿದೆ ಎಂದು ಸಹಿ ಹಾಕಿದ್ದ ಪ್ರಮಾಣಪತ್ರವನ್ನು ಹರಿದರು. “ಇಂದಿನಿಂದ ಯಾವ ವಿಚಾರಣೆಗೂ ಇದು ಸಾಕ್ಷಿಯಲ್ಲ. ಮಾಡಿದವಳು ನಾನು, ಹೇಳ್ತಿರೋಳೂ ನಾನು. ಒಣಗಿಸೋ ವೇಳೆ ಇಳಿಸಿದ್ದೇ ಅಪಘಾತಕ್ಕೆ ಕಾರಣ ಅಂತಲೂ ಬರೆದು ಕೊಡ್ತೀನಿ.” ದೇಸೂರಕರ ಕೂಗಾಡಿದ, ಕೋರ್ಟು ಅಂದ, ನಷ್ಟ ಅಂದ. ಅವರು ಪೆಟ್ಟಿಗೆ ಮುಚ್ಚಿದರು. ಹೋಗುವಾಗ ಬಾಗಿಲಲ್ಲಿ ದುರದುಂಡಿಯನ್ನು ಕೇಳಿದ್ದು ಒಂದೇ ಮಾತು: “ಇಮಾಮ ಇರೋ ವಾರ್ಡು ಯಾವುದು?”

ಪರಿಹಾರದ ಜಗಳ ಮುಗಿಯಲಿಲ್ಲ, ಕೋರ್ಟಿಗೆ ಹೋಯಿತು. ಭಟ್ಟಿ ಮಾತ್ರ ಮರುದಿನವೇ ಉರಿಯಿತು. ಗೋಡೆಯ ಪರದೆ ಕೆಂಪಗೆ ಮಿನುಗತೊಡಗಿತು. ಲೇಡಲ್ಲಿನ ಮಣ್ಣು ಇನ್ನೂ ಬೆವರುತ್ತಿತ್ತು. ಸತ್ಯಪ್ಪ ಅದನ್ನು ಇಳಿಸಲು ಕೈ ಚಾಚಿದವನು, ಇಮಾಮ ನಿಲ್ಲುತ್ತಿದ್ದ ಖಾಲಿ ಜಾಗ ನೋಡಿ ಕೈ ಹಿಂದೆಗೆದ. ಯಾರೂ ಮುಂದೆ ಬರಲಿಲ್ಲ. ಮೇಲಿನ ಧ್ವನಿವರ್ಧಕದಿಂದ ನಯವಾದ, ತಪ್ಪಿಲ್ಲದ ಇಂಗ್ಲಿಷು ಬಂತು. ಕೆಲಸ ನಿಲ್ಲಿಸಿದ್ದು ಯಾರು?

“ನಾ!” ಎಂದ ದುರದುಂಡಿ. ಅವನ ಕೂಗು ಮುಗಿಯುವ ಮೊದಲೇ ಇಡೀ ಗ್ಯಾಂಗು ಕೂಗಿತ್ತು. ಯಾರ ಕೊರಳಲ್ಲೂ ಪಟ್ಟಿ ಇರಲಿಲ್ಲ.

ಆ ಪಟ್ಟಿ ನಮ್ಮ ಕಾಲಕ್ಕಿನ್ನೂ ಬಂದಿಲ್ಲ. ತೆರೆದ ಚರಂಡಿಯ ಪಕ್ಕದಲ್ಲಿ ಹಾದುಹೋಗುತ್ತ ‘ಯಾರಾದರೂ ನೋಡಿಕೊಳ್ಳುತ್ತಾರೆ’ ಅನ್ನುತ್ತೇವಲ್ಲ, ಆಗ ಒಮ್ಮೆ ಗಂಟಲಿನ ಮೇಲೆ ಬೆರಳಿಟ್ಟು ನೋಡಿಕೊಳ್ಳಬೇಕು, ಒಳಗೆ ಏನಾದರೂ ಅಲುಗುತ್ತದೆಯೇ ಎಂದು.