ಈ ಮನೆಯವಳೇ

"ಅಂಥವಳು ಈ ಮನೇಲಿ ಯಾರೂ ಇಲ್ಲ," ಎಂದು ಅತ್ತೆ ದಡಾರನೆ ಬಾಗಿಲು ಹಾಕಿದ್ದು ಅಡುಗೆಮನೆಯಲ್ಲಿದ್ದ ಸೊಸೆಗೆ ಸ್ಪಷ್ಟವಾಗಿ ಕೇಳಿಸಿತು. ಯಾರೋ ಅವಳ ಹೆಸರು ಹಿಡಿದೇ ಕೇಳಿದ್ದರು. ಗಂಡ ಲಾರಿಗೆ ಸಿಕ್ಕಿ ತೀರಿಕೊಂಡು ವರ್ಷ ತುಂಬುವ ಮೊದಲೇ ತಾನು ಈ ಮನೆಗೆ ಯಾರೂ ಅಲ್ಲದವಳಾದೆನೇ...? ಚುಚ್ಚಿ ಮಾತಾಡುವುದು ಅತ್ತೆಗೆ ಹೊಸದೇನಲ್ಲ. ಉಪ್ಪು ಹೆಚ್ಚಾದರೂ ಚುಚ್ಚುತ್ತಿದ್ದರು, ಕಡಿಮೆಯಾದರೂ ಚುಚ್ಚುತ್ತಿದ್ದರು. ಅದನ್ನೆಲ್ಲ ನುಂಗಿಕೊಂಡವಳಿಗೆ ಇದೊಂದು ಮಾತು ಗಂಟಲಲ್ಲೇ ನಿಂತಿತು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಎಲ್ಲಿಗೆ ಹೋಗುವುದೆಂದು ತಿಳಿಯದೆಯೇ ಕಣ್ಣೊರೆಸಿಕೊಂಡು ಬಟ್ಟೆಬರೆಯನ್ನು ಚೀಲಕ್ಕೆ ತುಂಬಿದಳು.

ಬಾಗಿಲು ತೆರೆದರೆ ಎದುರಿಗೆ ಕೋರ್ಟಿನ ಅಮೀನ, ಕೈಯಲ್ಲಿ ಅಂಟಿನ ಡಬ್ಬಿ. ಮೆಟ್ಟಿಲ ಮೇಲೆ ಕೂತು ಮೊಣಕಾಲು ನೀವಿಕೊಂಡು, ನೋಟಿಸನ್ನು ಬಾಗಿಲಿಗೇ ಅಂಟಿಸಿಬಿಡೋಣವೆಂದು ಎದ್ದಿದ್ದ.

"ಇವರು ನೀವೇನಾ?" ಎಂದು ಕಾಗದದ ಮೇಲಿನ ಹೆಸರು ತೋರಿಸಿದ. "ಎಷ್ಟು ಸಲ ಬಂದ್ರೂ ಇಲ್ಲ ಅಂತ ಅಜ್ಜಿ ಕಳಿಸ್ತಾರೆ. ನನ್ನ ಮೊಣಕಾಲಿಗೂ ಯಾರಾದ್ರೂ ಪರಿಹಾರ ಕೊಡಿಸಬೇಕು."

"ತಗೋಬೇಡ ಕಣೇ..." ಅತ್ತೆ ಓಡಿಬಂದು ಅವಳ ಕೈ ಹಿಡಿದರು. "ನಾನು ಚಿಕ್ಕೋಳಿದ್ದಾಗ ನಮ್ಮಪ್ಪ ಇಂಥದ್ದೇ ಕಾಗದ ಈಸ್ಕೊಂಡ್ರು. ಸಂಜೆ ಹೊತ್ತಿಗೆ ಪಾತ್ರೆಪಗಡೆಯೆಲ್ಲ ಬೀದಿಗೆ ಬಂತು. ಮಗನಂತೂ ಹೋದ... ನಿನ್ನನ್ನೂ ಕೋರ್ಟಿಗೆ ಎಳ್ಕೊಂಡು ಹೋದ್ರೆ ನನಗಿನ್ಯಾರಿದಾರೆ? ಅದಕ್ಕೇ ಇಲ್ಲ ಅಂದೆ."

ಸೊಸೆಯ ಎದೆ ಮೇಲಿನ ಭಾರ ಇಳಿದದ್ದೇ ತಡ, ಅಳು ಉಕ್ಕಿ ಬಂತು.

ಅಮೀನ ಡಬ್ಬಿ ಮುಚ್ಚಿದ. "ಜಪ್ತಿ ಅಲ್ಲ ಅಜ್ಜಿ. ಅಪಘಾತದ ಪರಿಹಾರ ಕೇಳಿದ್ರಲ್ಲ, ಲಾರಿಯ ವಿಮಾ ಕಂಪನಿಯವರು ರಾಜಿಗೆ ಒಪ್ಪಿದಾರೆ. ಇವರು ಕೋರ್ಟಿಗೆ ಬಂದು ಸಹಿ ಹಾಕಿದ್ರೆ ಎಲ್ಲಾ ಇತ್ಯರ್ಥ. ಈ ಕಾಗದ ಕೈ ಸೇರದಿದ್ರೆ ಕೇಸು ಇನ್ನೆಷ್ಟು ವರ್ಷ ಎಳೀತಿತ್ತೋ."

ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತು ದೀರ್ಘವಾಗಿ ಉಸಿರು ಬಿಟ್ಟರು. ಸೊಸೆ ಕಣ್ಣೀರಿನಲ್ಲೇ, ನೋಟಿಸು ಕೈಸೇರಿತೆಂದು ಸಹಿ ಹಾಕಿದಳು.

"ಇವರೇ ಅವರು ಅಂತ ಗುರುತು ಹೇಳೋರೊಬ್ಬರು ಬೇಕು," ಎಂದ ಅಮೀನ.

"ನಾನಿದೀನಲ್ಲ. ನಮ್ಮ ಮನೆಯವಳೇ."

"ಈಗ ತಾನೇ ಯಾರೂ ಇಲ್ಲ ಅಂದ್ರಿ."

"ಈಗ ಇದಾಳೆ ಅಂತಿದೀನಿ. ಸೊಸೆ ಅಂತ ಬರ್ಕೊಳ್ಳಿ. ಸ್ವಲ್ಪ ದೊಡ್ಡದಾಗೇ ಬರ್ಕೊಳ್ಳಿ."

ಅವನು ನಗುತ್ತ ಮೆಟ್ಟಿಲಿಳಿದ ಮೇಲೆ ಅತ್ತೆಯ ಕಣ್ಣು ಚೀಲದ ಮೇಲೆ ಬಿತ್ತು.

"ಇದೇನೇ ಇದು?"

"ಒಗೆಯೋಕೆ ಅಂತ ತೆಗೆದಿಟ್ಟಿದ್ದೆ, ಅತ್ತೆ."

ಅತ್ತೆ ಚೀಲ ಬಿಚ್ಚಿ, ಮಡಿಸಿಟ್ಟ ಬಟ್ಟೆಗಳನ್ನು ಒಂದೊಂದಾಗಿ ನೋಡಿದರು. ಅವರಿಗೆ ಎಲ್ಲವೂ ಅರ್ಥವಾಯಿತು.

"ಒಗೆದದ್ದನ್ನೇ ಮತ್ತೆ ಒಗೀತಾಳಂತೆ. ಸೋಪು ಪುಕ್ಕಟೆ ಬರುತ್ತೆ ನೋಡು," ಎಂದು ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ, ಚೀಲವನ್ನು ತಾವೇ ಎತ್ತಿಕೊಂಡು ಒಳಗೆ ನಡೆದರು.